ಪರಿಸರಾನುಗುಣ ಸಣ್ಣ ಮನೆ

ಪರಿಸರಾನುಗುಣ ಸಣ್ಣ ಮನೆ ಎಂದರೆ ತಾನು ನಿಂತ ನೆಲದ ಮಳೆ, ಬಿಸಿಲು, ಗಾಳಿ, ಮಣ್ಣು ಮತ್ತು ಇಳಿಜಾರುಗಳನ್ನು ಅನುಸರಿಸಿ ರೂಪಿಸಿದ, ಒಂದು ಕುಟುಂಬದ ಅಗತ್ಯಕ್ಕೆ ತಕ್ಕಷ್ಟೇ ವಿಸ್ತಾರವುಳ್ಳ, ಕಟ್ಟುವಾಗಲೂ ಬಳಸುವಾಗಲೂ ಕಡಿಮೆ ಇಂಧನ ಮತ್ತು ನೀರನ್ನು ಬೇಡುವ ವಾಸದ ಮನೆ. ಇದು ಒಂದು ನಿರ್ದಿಷ್ಟ ಶೈಲಿಯ ಹೆಸರಲ್ಲ. ಕುಂದಾಪುರದಲ್ಲಿ ಈ ಲಕ್ಷಣಗಳಿಗೆ ಒಪ್ಪುವ ಮನೆಯನ್ನು ಹಾಗೆಯೇ ಎತ್ತಿ ಕಲಬುರಗಿಯಲ್ಲಿ ಇಟ್ಟರೆ ಅದು ಅಲ್ಲಿಗೆ ಒಪ್ಪುವುದಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಮೂರರಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ; ಆಗುಂಬೆಯಲ್ಲಿ ಅದು ಏಳು ಸಾವಿರವನ್ನು ದಾಟುತ್ತದೆ; ಚಳ್ಳಕೆರೆಯ ಸುತ್ತಮುತ್ತ 500 ಮಿಲಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಂದೇ ರಾಜ್ಯದೊಳಗೆ ಇಷ್ಟು ಅಂತರವಿರುವಾಗ ಎಲ್ಲ ಕಡೆ ಒಂದೇ ಬಗೆಯ ಮನೆ ಕಟ್ಟುವುದು ಇತ್ತೀಚಿನ ರೂಢಿ. ಈ ಲೇಖನವು ಕರ್ನಾಟಕದ ಸಂದರ್ಭದಲ್ಲಿ ಇಂಥ ಮನೆಯ ವಿನ್ಯಾಸವನ್ನು ಕುರಿತದ್ದು.

ವಿಸ್ತಾರ

ಸಾಮಗ್ರಿಯ ಆಯ್ಕೆಗಿಂತ ಮೊದಲು ಬರುವ ಪ್ರಶ್ನೆ ಅಳತೆಯದು. ಮನೆಯ ವಿಸ್ತಾರ ಇಮ್ಮಡಿಯಾದರೆ ಅದು ತಿನ್ನುವ ಸಿಮೆಂಟು, ಕಬ್ಬಿಣ, ಇಟ್ಟಿಗೆ, ಮರಳುಗಳೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ. ಮೂರು ಸಾವಿರ ಚದರ ಅಡಿಯ ಮಣ್ಣಿನ ಬಂಗಲೆಯನ್ನು ಪರಿಸರಸ್ನೇಹಿ ಎಂದು ಕರೆಯುವ ರೂಢಿ ಇದೆಯಾದರೂ, ಐನೂರು ಚದರ ಅಡಿಯ ಸಾಧಾರಣ ಇಟ್ಟಿಗೆ ಮನೆ ಅದಕ್ಕಿಂತ ಕಡಿಮೆ ಸಂಪನ್ಮೂಲ ಬಳಸಿರುವ ಸಾಧ್ಯತೆಯೇ ಹೆಚ್ಚು.

ಹಳೆಯ ಕಾಲದಲ್ಲಿ ಮನೆಯನ್ನು ಅಂಕಣಗಳ ಲೆಕ್ಕದಲ್ಲಿ ಅಳೆಯುತ್ತಿದ್ದರು. ಎರಡು ಕಂಬ ಸಾಲುಗಳ ನಡುವಿನ ಅವಕಾಶವೇ ಅಂಕಣ. ಮೂರಂಕಣ, ಐದಂಕಣ, ಏಳಂಕಣದ ಮನೆಗಳೆಂಬ ಮಾತು ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. ಅಂಕಣದ ಅಗಲವನ್ನು ನಿರ್ಧರಿಸುತ್ತಿದ್ದುದು ಆ ಊರಿನಲ್ಲಿ ದೊರೆಯುವ ತೊಲೆಯ ಉದ್ದ. ಅಂದರೆ ಕೋಣೆ ಎಷ್ಟು ಅಗಲವಿರಬೇಕೆಂಬುದನ್ನು ಮರವೇ ಹೇಳುತ್ತಿತ್ತು. ಇಂದು ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗವು ಅಡುಗೆಯ ಜಾಗವೂ ಸೇರಿದಂತೆ 25 ಚದರ ಮೀಟರ್ ವಿಸ್ತಾರವನ್ನು ಕನಿಷ್ಠವೆಂದು ಗೊತ್ತುಮಾಡಿದೆ. ಇದು ಸುಮಾರು 270 ಚದರ ಅಡಿ. ನಾಲ್ವರ ಕುಟುಂಬ ಇಷ್ಟರಲ್ಲಿ ಬಾಳಬೇಕಾದರೆ ಜಗುಲಿ, ಹಿತ್ತಿಲು, ಅಂಗಳಗಳು ಕೋಣೆಗಳಷ್ಟೇ ದುಡಿಯಬೇಕಾಗುತ್ತದೆ. ನಾಲ್ಕು ಗೋಡೆಗಳ ಒಳಗಿನ ವಿಸ್ತಾರವನ್ನು ಮಾತ್ರ ನೋಡಿ ಜಗುಲಿಯನ್ನು ಕೈಬಿಟ್ಟ ಸಣ್ಣ ಮನೆಗಳು ವಾಸಕ್ಕೆ ಇಕ್ಕಟ್ಟೆನಿಸುವುದಕ್ಕೆ ಕಾರಣ ಇದೇ.

ಕರ್ನಾಟಕದ ಸಾಂಪ್ರದಾಯಿಕ ಮನೆಗಳು

ಸಾಂಪ್ರದಾಯಿಕ ವಾಸ್ತುಶಿಲ್ಪದ ಬರಹಗಳಲ್ಲಿ ಕಾಣಿಸಿಕೊಳ್ಳುವವು ಹೆಚ್ಚಾಗಿ ಮಲೆನಾಡಿನ ತೊಟ್ಟಿ ಮನೆ, ಕೊಡಗಿನ ಐನ್‌ಮನೆ, ಕರಾವಳಿಯ ಗುತ್ತಿನ ಮನೆಗಳು. ಇವೆಲ್ಲ ಅವಿಭಕ್ತ ಕುಟುಂಬಗಳ, ಭೂಮಿಯಿದ್ದವರ ದೊಡ್ಡ ಮನೆಗಳು. ಕೂಲಿಕಾರರ, ಗೇಣಿದಾರರ, ಕುಶಲಕರ್ಮಿಗಳ ಎರಡು ಮೂರು ಅಂಕಣದ ಮನೆಗಳ ದಾಖಲೆ ಕಡಿಮೆ. ಆದರೆ ಇಂದಿನ ಸಣ್ಣ ಮನೆಗೆ ಬೇಕಾದ ಪಾಠಗಳು ಅಲ್ಲಿಯೇ ಹೆಚ್ಚಾಗಿವೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ಮನೆಯ ರೂಪವನ್ನು ತೀರ್ಮಾನಿಸುವುದು ಮಳೆ. ಕಡಿದಾದ ಮಾಡು, ಗೋಡೆಯಿಂದ ಮೂರು ನಾಲ್ಕು ಅಡಿ ಮುಂದಕ್ಕೆ ಚಾಚಿದ ಸೂರು, ಎತ್ತರದ ಕಲ್ಲಿನ ಜಗುಲಿ ಇವು ಸಾಮಾನ್ಯ ಲಕ್ಷಣಗಳು. ಹೊದಿಕೆಗೆ ಮೊದಲು ಅಡಕೆಯ ಸೋಗೆ ಅಥವಾ ಹುಲ್ಲು ಬಳಕೆಯಲ್ಲಿತ್ತು. 1860ರ ದಶಕದಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ ತೀರದ ಜೇಡಿಮಣ್ಣಿನ ಮಂಗಳೂರು ಹೆಂಚು ಕ್ರಮೇಣ ಸೋಗೆಯ ಸ್ಥಾನವನ್ನು ಆಕ್ರಮಿಸಿತು. ಮಳೆಗಾಲ ಬರುವ ಮುನ್ನ ಇರಚಲು ಹೊಡೆಯುವ ಪಶ್ಚಿಮ ಮತ್ತು ದಕ್ಷಿಣದ ಬದಿಗೆ ಸೋಗೆಯ ಅಥವಾ ಮಡಲಿನ ತಟ್ಟಿ ಕಟ್ಟಿ, ಮಳೆ ಮುಗಿದ ಮೇಲೆ ಬಿಚ್ಚುವುದು ವಾಡಿಕೆ. ನಾಲ್ಕು ತಿಂಗಳಿಗೆ ಮಾತ್ರ ಬೇಕಾದ ಗೋಡೆಯನ್ನು ನಾಲ್ಕೇ ತಿಂಗಳಿಗೆ ಕಟ್ಟುವ ಈ ಪದ್ಧತಿಗಿಂತ ಮಿತವ್ಯಯದ ಉಪಾಯ ಬೇರೆಯಿಲ್ಲ. ಗೋಡೆಗೆ ಮುರಕಲ್ಲು (ಕೆಂಪುಕಲ್ಲು, ಜಂಬಿಟ್ಟಿಗೆ) ಅಥವಾ ಮೆಟ್ಟಿದ ಕೆಂಪು ಮಣ್ಣು. ನೆಲದಡಿಯಲ್ಲಿ ಮೆತ್ತಗಿದ್ದು, ಕಡಿದು ಗಾಳಿಗಿಟ್ಟಾಗ ಗಟ್ಟಿಯಾಗುವ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಕೊಟ್ಟವನು ಮೈಸೂರು, ಕನ್ನಡ, ಮಲಬಾರು ಪ್ರಾಂತಗಳಲ್ಲಿ ಸಂಚರಿಸಿದ್ದ ಫ್ರಾನ್ಸಿಸ್ ಬುಕಾನನ್. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದ ಅದರ ಮೂಲ.

ಉತ್ತರದ ಬಯಲುಸೀಮೆಯಲ್ಲಿ ಶತ್ರು ಮಳೆಯಲ್ಲ, ಬಿಸಿಲು. ರಾಯಚೂರು, ಕಲಬುರಗಿಗಳಲ್ಲಿ ಬೇಸಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಅಲ್ಲಿ ಒಂದೂವರೆಯಿಂದ ಎರಡೂವರೆ ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಒಂದಕ್ಕೊಂದು ಅಂಟಿಕೊಂಡ ಮನೆಗಳು, ಕಿರಿದಾದ ಓಣಿಗಳು, ತೊಲೆ ಮತ್ತು ಜಂತಿಗಳ ಮೇಲೆ ಮಣ್ಣು ಹೊದಿಸಿದ ಮಟ್ಟಸವಾದ ಮಾಳಿಗೆ (ಮೇಲ್ಮುದ್ದೆ), ಅದರಲ್ಲೊಂದು ಬೆಳಕಿಂಡಿ. ಹಗಲಿನ ಕಾವು ದಪ್ಪ ಗೋಡೆಯನ್ನು ಹಾದು ಒಳಮುಖಕ್ಕೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಅಷ್ಟು ಹೊತ್ತಿಗೆ ಮನೆಮಂದಿ ಮಾಳಿಗೆಯ ಮೇಲೆ ಮಲಗಿರುತ್ತಾರೆ. ಸೇಡಂ, ಶಹಾಬಾದ್ ಕಡೆ ಸುಣ್ಣಕಲ್ಲಿನ ಪರಸಿಗಳನ್ನು ನೆಲಕ್ಕೂ ಚಾವಣಿಗೂ ಬಳಸಿದರೆ, ಕೋಲಾರ, ಬೆಂಗಳೂರು ಗ್ರಾಮಾಂತರಗಳಲ್ಲಿ ಆ ಕೆಲಸವನ್ನು ಬೆಣಚುಕಲ್ಲಿನ ಚಪ್ಪಡಿ ಮಾಡಿತು. ಊರಿಗೆ ಹತ್ತಿರದ ಬಂಡೆ ಯಾವುದೋ ಅದೇ ಮನೆಯ ಬಂಡೆ.

ಈ ಮನೆಗಳನ್ನು ಹೊಗಳುವವರು ಮರೆಯುವ ಸಂಗತಿಗಳೂ ಇವೆ. ಬಯಲುಸೀಮೆಯ ಬಡವರ ಮನೆಗಳಲ್ಲಿ ಕಿಟಕಿಯೆಂಬುದೇ ಇರುತ್ತಿರಲಿಲ್ಲ. ಒಲೆಯ ಹೊಗೆ, ದನದ ಗಂಜಳದ ವಾಸನೆ, ಕತ್ತಲೆ ಒಂದೇ ಸೂರಿನಡಿ ಇದ್ದವು. ಗೋಡೆಗೆ ಮಣ್ಣು ಮೆತ್ತುವ, ನೆಲ ಸಾರಿಸುವ ನಿತ್ಯದ ದುಡಿಮೆ ಪೂರ್ತಿಯಾಗಿ ಹೆಂಗಸರ ಪಾಲಿಗೆ ಬಿದ್ದಿತ್ತು. ಸಿಮೆಂಟಿನ ಮನೆ ಬೇಕೆಂದು ಮೊದಲು ಕೇಳಿದವರು ಅವರಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಆಧುನಿಕ ಪ್ರಯತ್ನಗಳು

ವಾರ್ಧಾ ಬಳಿಯ ಸೇವಾಗ್ರಾಮದಲ್ಲಿ ಮಹಾತ್ಮ ಗಾಂಧಿಯವರು ವಾಸವಾಗಿದ್ದ, ಮಣ್ಣು, ಬಿದಿರು, ನಾಟಿ ಹೆಂಚುಗಳ ಬಾಪು ಕುಟಿಯು ಸ್ಥಳೀಯ ಸಾಮಗ್ರಿಯ ಸಣ್ಣ ಮನೆಗೆ ಭಾರತದಲ್ಲಿ ಎಲ್ಲರೂ ಬಲ್ಲ ಉದಾಹರಣೆ. ಮನೆಯ ಸಾಮಗ್ರಿ ಐದು ಮೈಲಿಯ ಸುತ್ತಳತೆಯೊಳಗೆ ಸಿಗುವಂತಿರಬೇಕೆಂಬ ಗಾಂಧೀಜಿಯ ವಿಚಾರ ತಮ್ಮ ಮೇಲೆ ಪ್ರಭಾವ ಬೀರಿತೆಂದು ವಾಸ್ತುಶಿಲ್ಪಿ ಲಾರಿ ಬೇಕರ್ (1917–2007) ಹೇಳಿಕೊಂಡಿದ್ದಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಬೇಕರ್ ತಿರುವನಂತಪುರದಲ್ಲಿ ನೆಲಸಿ ಕೇರಳದ ತುಂಬ ಕಡಿಮೆ ವೆಚ್ಚದ ಮನೆಗಳನ್ನು ಕಟ್ಟಿದರು. ಬಂಡೆಗಳಿಂದ ಕೂಡಿದ ಗುಡ್ಡದ ಇಳಿಜಾರಿನಲ್ಲಿ ನೆಲವನ್ನು ಮಟ್ಟಮಾಡದೆ, ಇಳಿಜಾರು ಹೇಗಿದೆಯೋ ಹಾಗೆ ಏರಿಳಿಯುವಂತೆ ಕಟ್ಟಿಕೊಂಡ ಅವರ ಸ್ವಂತ ಮನೆ ‘ಹ್ಯಾಮ್ಲೆಟ್’ ನಿವೇಶನಕ್ಕೆ ಹೊಂದುವುದೆಂದರೇನು ಎಂಬುದನ್ನು ತೋರಿಸುತ್ತದೆ. 1990ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು.

ಎಚ್ಚರಿಕೆಯ ಉದಾಹರಣೆಯೊಂದು ಈಜಿಪ್ಟಿನದು. ಹಸನ್ ಫತಹಿ 1940ರ ದಶಕದಲ್ಲಿ ಲಕ್ಸರ್ ಬಳಿ ಹಸಿ ಇಟ್ಟಿಗೆಯ ಕಮಾನು ಮತ್ತು ಗುಮ್ಮಟಗಳಿಂದ ಹೊಸ ಗುರ್ನಾ ಎಂಬ ಊರನ್ನು ಕಟ್ಟಿದರು. ಅದು ಜಗತ್ತಿನಾದ್ಯಂತ ಮೆಚ್ಚುಗೆ ಪಡೆಯಿತು; ಆದರೆ ಯಾರಿಗಾಗಿ ಕಟ್ಟಲಾಯಿತೋ ಆ ಗ್ರಾಮಸ್ಥರಲ್ಲಿ ಬಹುಪಾಲು ಜನ ಅಲ್ಲಿಗೆ ಹೋಗಲು ಒಪ್ಪಲಿಲ್ಲ.

ಕರ್ನಾಟಕದಲ್ಲಿ ಈ ಕ್ಷೇತ್ರದ ಮುಖ್ಯ ಕೆಲಸ ನಡೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 1974ರಲ್ಲಿ ಪ್ರೊ. ಅಮೂಲ್ಯ ಕುಮಾರ್ ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ, ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಗಳಿಗೆ ಅನ್ವಯಿಸುವ ಉದ್ದೇಶದ ‘ಅಸ್ತ್ರ’ ಎಂಬ ಕೋಶ ಆರಂಭವಾಯಿತು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣ ಕೇಂದ್ರವಿತ್ತು. ಅಡುಗೆಮನೆಯ ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ, ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆಯಿಂದಾಗಿ ಈ ಹೆಸರು ಹಳ್ಳಿಮನೆಗಳನ್ನು ತಲುಪಿತು. ಪ್ರೊ. ಕೆ. ಎಸ್. ಜಗದೀಶ್, ಪ್ರೊ. ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಇಲ್ಲಿಯೇ ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆಯ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದರು.

ನಿವೇಶನ ಮತ್ತು ದಿಕ್ಕು

ಕರ್ನಾಟಕ ಸರಿಸುಮಾರು 11.5 ಮತ್ತು 18.5 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇದೆ. ಆದ್ದರಿಂದ ರಾಜ್ಯದ ಪ್ರತಿಯೊಂದು ಊರಿನಲ್ಲೂ ಸೂರ್ಯ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ಭಾಗದಲ್ಲಿ ಮತ್ತು ಆಗಸ್ಟ್ ಮಧ್ಯದ ಹೊತ್ತಿಗೆ. ಇದರಿಂದ ಮೂರು ಸಂಗತಿಗಳು ಹೊಮ್ಮುತ್ತವೆ. ಬೇಸಗೆಯಲ್ಲಿ ಅತ್ಯಂತ ಹೆಚ್ಚು ಕಾಯುವುದು ಚಾವಣಿ. ಅನಂತರದ ಸ್ಥಾನ ಪೂರ್ವ ಮತ್ತು ಪಶ್ಚಿಮದ ಗೋಡೆಗಳದು. ದಕ್ಷಿಣದ ಗೋಡೆ ಚಳಿಗಾಲದಲ್ಲಿ ಮಾತ್ರ ನೇರ ಬಿಸಿಲು ಪಡೆಯುತ್ತದೆ.

ಹೀಗಾಗಿ ಉದ್ದನೆಯ ಗೋಡೆಗಳು ಉತ್ತರ ಮತ್ತು ದಕ್ಷಿಣಕ್ಕೆ, ಗಿಡ್ಡ ಗೋಡೆಗಳು ಪೂರ್ವ ಮತ್ತು ಪಶ್ಚಿಮಕ್ಕೆ ಬರುವಂತೆ ಮನೆಯನ್ನು ಇಡುವುದು ಅತ್ಯಂತ ಅಗ್ಗದ ತಂಪುಸಾಧನ. ದಕ್ಷಿಣದ ಕಿಟಕಿಗೆ ಎರಡು ಅಡಿಯ ಸಜ್ಜಾ ಸಾಕು. ಡಿಸೆಂಬರಿನ ನಡುಹಗಲಲ್ಲಿ ಬೆಂಗಳೂರಿನಲ್ಲಿ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುವುದರಿಂದ ಅಂಥ ಸಜ್ಜಾ ತನ್ನ ಕೆಳಗಿನ ಎರಡೂಮುಕ್ಕಾಲು ಅಡಿಯನ್ನು ನೆರಳಲ್ಲಿಟ್ಟು, ಉಳಿದಷ್ಟು ಬಿಸಿಲನ್ನು ಚಳಿಗಾಲದ ಮನೆಯೊಳಕ್ಕೆ ಬಿಡುತ್ತದೆ; ಮಾರ್ಚ್ ವೇಳೆಗೆ ಕಿಟಕಿ ಪೂರ್ತಿ ನೆರಳಾಗುತ್ತದೆ. ಪಶ್ಚಿಮದ ಕಿಟಕಿಗೆ ಈ ಲೆಕ್ಕ ನಡೆಯದು. ಸಂಜೆ ನಾಲ್ಕರ ಬಿಸಿಲು ಓರೆಯಾಗಿ ಸಜ್ಜಾದ ಕೆಳಗೇ ನುಗ್ಗುತ್ತದೆ. ಅಲ್ಲಿ ಜಗುಲಿ, ಬಚ್ಚಲು, ಸೌದೆಯ ಕೊಟ್ಟಿಗೆ ಅಥವಾ ಮರ ಇರಬೇಕು. ಹೊಂಗೆ ಇದಕ್ಕೆ ಹೇಳಿ ಮಾಡಿಸಿದ ಮರ: ಚಳಿಗಾಲದ ಕೊನೆಗೆ ಎಲೆಯುದುರಿಸಿ, ಬೇಸಗೆಯ ಉರಿ ಏರುವ ವೇಳೆಗೆ ಮತ್ತೆ ದಟ್ಟವಾಗಿ ಚಿಗುರಿರುತ್ತದೆ.

ವಾಸ್ತುಶಾಸ್ತ್ರದ ನಿಯಮಗಳನ್ನು ಅನುಸರಿಸುವವರು ಬಹಳ. ಅಡುಗೆಮನೆ ಆಗ್ನೇಯದಲ್ಲಿರಬೇಕೆಂಬ ನಿಯಮ ಪಶ್ಚಿಮದ ಗಾಳಿ ಬೀಸುವ ತಿಂಗಳುಗಳಲ್ಲಿ ಹೊಗೆಯನ್ನು ಮನೆಯಿಂದಾಚೆಗೆ ಒಯ್ಯುತ್ತದೆ ಎಂಬುದು ನಿಜ. ಆದರೆ ಮೂವತ್ತು ನಲವತ್ತು ಅಡಿಯ ನಿವೇಶನದಲ್ಲಿ ಎಲ್ಲ ನಿಯಮಗಳನ್ನೂ ಪಾಲಿಸಹೊರಟರೆ ಮಲಗುವ ಕೋಣೆಗೆ ಪಶ್ಚಿಮದ ಬಿಸಿಲೇ ಗತಿಯಾಗುವುದುಂಟು. ಸಣ್ಣ ಮನೆಯಲ್ಲಿ ಸೂರ್ಯನ ಲೆಕ್ಕಕ್ಕೆ ಮೊದಲ ಮಣೆ ಸಲ್ಲಬೇಕು.

ಗೋಡೆ

ದಪ್ಪ ಗೋಡೆ ಎಲ್ಲ ಕಡೆಯೂ ತಂಪು ಎಂಬುದು ತಪ್ಪು ತಿಳಿವಳಿಕೆ. ಹಗಲಿಗೂ ರಾತ್ರಿಗೂ ತಾಪದ ಅಂತರ ಹೆಚ್ಚಿರುವ ಒಣ ಬಯಲಿನಲ್ಲಿ ದಪ್ಪ ಗೋಡೆ ಉಪಕಾರಿ. ಅಂತರ ಕಡಿಮೆಯಿದ್ದು ಗಾಳಿಯಲ್ಲಿ ತೇವ ತುಂಬಿರುವ ಕರಾವಳಿಯಲ್ಲಿ ಮೈಮೇಲಿನ ಬೆವರನ್ನು ಆರಿಸುವ ಗಾಳಿಯೇ ಮುಖ್ಯ. ಅಲ್ಲಿ ಎದುರುಬದುರು ಕಿಟಕಿಗಳು ಗೋಡೆಯ ದಪ್ಪಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ.

ಸಾಮಗ್ರಿಯ ವಿಷಯದಲ್ಲಿ ಹೋಲಿಕೆಗೆ ಒಳಪಡಬೇಕಾದದ್ದು ಅದನ್ನು ತಯಾರಿಸಲು ತಗಲುವ ಶಕ್ತಿ. ಸಿಮೆಂಟಿಗೆ ಸುಣ್ಣಕಲ್ಲನ್ನು 1,400 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಕಾವಿನಲ್ಲಿ ಸುಡಬೇಕು. ಉರಿಸಿದ ಇಂಧನದಿಂದ ಮಾತ್ರವಲ್ಲದೆ ಸುಣ್ಣಕಲ್ಲಿನಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಶೇಕಡ 7ರಿಂದ 8ರಷ್ಟು. ಸುಟ್ಟ ಇಟ್ಟಿಗೆಯ ಗೂಡುಗಳು ಸೌದೆ ಮತ್ತು ಕಲ್ಲಿದ್ದಲನ್ನಲ್ಲದೆ ಕೆರೆಯಂಗಳದ ಮತ್ತು ಗದ್ದೆಯ ಮೇಲ್ಮಣ್ಣನ್ನೂ ನುಂಗುತ್ತವೆ.

ಇದಕ್ಕೆ ಪರ್ಯಾಯವಾಗಿ ಬಂದದ್ದು ಸ್ಥಿರೀಕರಿಸಿದ ಮಣ್ಣಿನ ಇಟ್ಟಿಗೆ. ಮಣ್ಣಿಗೆ ಶೇಕಡ 6ರಿಂದ 8ರಷ್ಟು ಸಿಮೆಂಟು ಬೆರೆಸಿ, ಹದವಾಗಿ ನೀರು ಚಿಮುಕಿಸಿ, ಕೈಯಂತ್ರದಲ್ಲಿ ಒತ್ತಿ, ಮೂರು ವಾರ ನೀರು ಹನಿಸಿ ಪಕ್ವಗೊಳಿಸಿದರೆ ಇಟ್ಟಿಗೆ ಸಿದ್ಧ, ಗೂಡು ಬೇಕಿಲ್ಲ. 2003ರಲ್ಲಿ ಪ್ರಕಟವಾದ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರ ಅಧ್ಯಯನದಂತೆ ಈ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವುದರ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 1725 ಇದರ ಗುಣಮಟ್ಟವನ್ನು ವಿಧಿಸುತ್ತದೆ.

ಎಲ್ಲ ಮಣ್ಣೂ ಇದಕ್ಕೆ ಆಗದು. ಮೂರನೆಯ ಎರಡು ಭಾಗದಷ್ಟು ಮರಳು, ಶೇಕಡ 10ರಿಂದ 15ರಷ್ಟು ಜೇಡಿ ಇರುವ ಕೆಂಪು ಮಣ್ಣು ಉತ್ತಮ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಗಾಜಿನ ಬಾಟಲಿಗೆ ಮೂರನೆಯ ಒಂದರಷ್ಟು ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಕೆಲವೇ ಕ್ಷಣಗಳಲ್ಲಿ ತಳಕ್ಕೆ ಇಳಿಯುತ್ತದೆ. ಅದರ ಮೇಲೆ ನಯವಾದ ಗೋಡುಮಣ್ಣು. ಎಲ್ಲಕ್ಕಿಂತ ಮೇಲೆ, ಮರುದಿನದ ಹೊತ್ತಿಗೆ, ಜೇಡಿ. ಪದರಗಳ ಎತ್ತರವನ್ನು ಅಳೆದರೆ ಪ್ರಮಾಣ ತಿಳಿಯುತ್ತದೆ. ಜೇಡಿ ಹೆಚ್ಚಾದರೆ ಮರಳು ಅಥವಾ ಕಲ್ಲುಪುಡಿ ಬೆರೆಸಬೇಕು. ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವುದರಿಂದ ಇಟ್ಟಿಗೆಗೂ ಒಗ್ಗದು, ಅಡಿಪಾಯಕ್ಕೂ ಒಗ್ಗದು. ಎರೆ ಸೀಮೆಯಲ್ಲಿ ಹಿರಿಯರು ಗರಸು ಸಿಗುವವರೆಗೆ ಪಾಯ ಅಗೆಯುತ್ತಿದ್ದರು. ಇಂದು ಅಲ್ಲಿ ಸಣ್ಣ ಮನೆಗಳ ಗೋಡೆಗಳಲ್ಲಿ ಕಾಣುವ ಓರೆ ಬಿರುಕುಗಳ ಸಾಮಾನ್ಯ ಕಾರಣವೆಂದರೆ ಖರ್ಚು ಉಳಿಸಲು ಪಾಯವನ್ನು ಎರಡು ಅಡಿಗೇ ನಿಲ್ಲಿಸಿರುವುದು.

ಸುಟ್ಟ ಇಟ್ಟಿಗೆಯನ್ನೇ ಬಳಸಬೇಕಾದಲ್ಲಿ ಬೇಕರ್ ಜನಪ್ರಿಯಗೊಳಿಸಿದ ಇಲಿಬೋನು ಕಟ್ಟಣೆ ಉಪಯುಕ್ತ. ಇಟ್ಟಿಗೆಗಳನ್ನು ಅಡ್ಡ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಒಂಬತ್ತು ಅಂಗುಲದ ಗೋಡೆ ಕಟ್ಟುವ ಈ ವಿಧಾನದಲ್ಲಿ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಒಳಗಿನ ಗಾಳಿ ಕಾವನ್ನು ತಡೆಯುತ್ತದೆ. ಕರಾವಳಿಯಲ್ಲಿ ಮುರಕಲ್ಲು ಸಹಜ ಆಯ್ಕೆ. ಅದೇ ಕಲ್ಲನ್ನು ಚಂದ ಕಾಣುವುದೆಂದು ಲಾರಿಯಲ್ಲಿ ಘಟ್ಟ ಹತ್ತಿಸಿ ಬೆಂಗಳೂರಿಗೆ ತಂದರೆ ಅದು ಸ್ಥಳೀಯ ಸಾಮಗ್ರಿಯಾಗಿ ಉಳಿಯುವುದಿಲ್ಲ.

ಹಳೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸುವುದು ಹಳ್ಳಿಗಳಲ್ಲಿ ವ್ಯಾಪಕವಾಗಿ ನಡೆಯುವ ತಪ್ಪು. ಮಣ್ಣು ತೇವವನ್ನು ಎಳೆದುಕೊಂಡು ಬಿಡುತ್ತಿರುತ್ತದೆ. ಸಿಮೆಂಟು ಆ ದಾರಿಯನ್ನು ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ತೇವದಿಂದ ಗೋಡೆ ಸಡಿಲಗೊಂಡು ಕೆಲವು ಮಳೆಗಾಲಗಳ ನಂತರ ಗಿಲಾವು ಹಪ್ಪಳದಂತೆ ಎದ್ದುಬರುತ್ತದೆ. ಸುಣ್ಣದ ಗಾರೆ ಅಥವಾ ಮಣ್ಣು, ಸೆಗಣಿ, ಹುಲ್ಲು ಬೆರೆಸಿ ಕೊಳೆಹಾಕಿದ ಮಣ್ಣಿನ ಗಿಲಾವೇ ಅಂಥ ಗೋಡೆಗೆ ಸರಿ.

ಚಾವಣಿ

ಮನೆಗೆ ತಗಲುವ ಕಾವಿನ ದೊಡ್ಡ ಪಾಲು ಮೇಲಿನಿಂದ ಬರುವುದರಿಂದ ಚಾವಣಿಯ ಆಯ್ಕೆ ಉಳಿದೆಲ್ಲಕ್ಕಿಂತ ನಿರ್ಣಾಯಕ. ನಾಲ್ಕೈದು ಅಂಗುಲದ ಕಾಂಕ್ರೀಟು ತಾರಸಿ ಹಗಲಿಡೀ ಕಾದು, ಜನ ಒಳಗೆ ಮಲಗುವ ಹೊತ್ತಿಗೆ ಆ ಕಾವನ್ನು ಕೆಳಕ್ಕೆ ಬಿಡತೊಡಗುತ್ತದೆ. ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆ ಕೆಡವಿ ತಾರಸಿ ಹಾಕಿಸಿದವರು ಮರುವರ್ಷ ಕೂಲರು ಕೊಳ್ಳುವುದು ಈ ಕಾರಣದಿಂದ. ತಾರಸಿಗೆ ಬಿಳಿ ಸುಣ್ಣ ಬಳಿಯುವುದು, ಒಡೆದ ಬಿಳಿ ಹೆಂಚಿನ ಚೂರುಗಳನ್ನು ಹಾಸುವುದು, ಮೇಲೆ ಚಪ್ಪರ ಹಾಕಿ ಬಳ್ಳಿ ಹಬ್ಬಿಸುವುದು ಕಡಿಮೆ ಖರ್ಚಿನ ಪರಿಹಾರಗಳು.

ಕಾಂಕ್ರೀಟಿನ ಕೆಳಪದರದಲ್ಲಿ ಕಬ್ಬಿಣದ ಸರಳುಗಳ ನಡುವೆ ಮಂಗಳೂರು ಹೆಂಚುಗಳನ್ನು ಇಟ್ಟು ಸುರಿಯುವ ತುಂಬುಹಲಗೆ ಚಾವಣಿ ಸುಮಾರು ಐದನೆಯ ಒಂದು ಭಾಗ ಕಾಂಕ್ರೀಟನ್ನು ಉಳಿಸುತ್ತದೆ. ಬಾಗುವ ಹಲಗೆಯ ಕೆಳಭಾಗದ ಕಾಂಕ್ರೀಟು ಭಾರವನ್ನು ಹೊರುವುದೇ ಇಲ್ಲ, ಸರಳುಗಳನ್ನು ಹಿಡಿದಿಡುತ್ತದೆ ಅಷ್ಟೆ ಎಂಬುದು ಇದರ ತತ್ತ್ವ.

ಕರಾವಳಿ ಮತ್ತು ಮಲೆನಾಡಿನಲ್ಲಿ ಇಳಿಜಾರು ಮಾಡಿಗೆ ಸಮನಾದದ್ದು ಇಲ್ಲ. ಹೆಂಚಿನ ಮಾಡಿಗೆ 25ರಿಂದ 30 ಡಿಗ್ರಿ ಇಳಿಜಾರು ಬೇಕು. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಹಿಡಿಯುತ್ತದೆ. ಕೆಳಗೆ ಮರದ ಮುಚ್ಚಿಗೆ ಇದ್ದರೆ ನಡುವಿನ ಅಟ್ಟವೇ ಕಾವಿನ ತಡೆ. ಕಳೆದ ಕೆಲವು ದಶಕಗಳಲ್ಲಿ ಈ ಭಾಗದಲ್ಲೂ ಮಟ್ಟಸ ತಾರಸಿ ಪ್ರತಿಷ್ಠೆಯ ಗುರುತಾಯಿತು. ಸತತ ಮಳೆಗೆ ಅವು ಜಿನುಗತೊಡಗಿದಾಗ ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡಿನ ಇಳಿಜಾರು ಮಾಡು ಹಾಕಿಸುವುದು ಶುರುವಾಯಿತು. ಘಟ್ಟದ ಆಚೀಚಿನ ಊರುಗಳಲ್ಲಿ ಇಂದು ಇಂಥ ಮನೆಗಳು ಸಾಲುಸಾಲಾಗಿ ಕಾಣುತ್ತವೆ. ಒಂದು ಮನೆಗೆ ಎರಡು ಚಾವಣಿಯ ಖರ್ಚು. ಎರಡನೆಯದು ಹಿಂದೆ ಇದ್ದ ಆಕಾರದ್ದೇ. ಆ ತಗಡು ಹೆಂಚಿನಷ್ಟು ತಂಪಲ್ಲ, ಮಳೆಯ ಸದ್ದಿಗೆ ಕೆಳಗಿನವರ ಮಾತು ಕೇಳಿಸದು ಎಂಬುದು ಬೇರೆ.

ನೀರು ಮತ್ತು ಬಚ್ಚಲು

ಒಂದು ಚದರ ಮೀಟರ್ ಚಾವಣಿಯ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಒಂದು ಲೀಟರ್ ನೀರಾಗುತ್ತದೆ. ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುವ ಬೆಂಗಳೂರಿನಲ್ಲಿ 50 ಚದರ ಮೀಟರ್ ಚಾವಣಿಯಿಂದ, ನಷ್ಟಕ್ಕೆ ಐದನೆಯ ಒಂದು ಭಾಗ ಬಿಟ್ಟರೂ, 39 ಸಾವಿರ ಲೀಟರಿನಷ್ಟು ಹಿಡಿಯಬಹುದು. ನಾಲ್ವರ ಕುಟುಂಬಕ್ಕೆ ಕುಡಿಯಲು ಮತ್ತು ಅಡುಗೆಗೆ ದಿನಕ್ಕೆ 40 ಲೀಟರಿನಂತೆ ವರ್ಷಕ್ಕೆ ಬೇಕಾಗುವುದು 14,600 ಲೀಟರ್. ಮಳೆಯಿಲ್ಲದ ಐದು ತಿಂಗಳು ದಾಟಲು 6,000 ಲೀಟರಿನ ತೊಟ್ಟಿ ಸಾಕು. ಮೊದಲ ಮಳೆಯ ಕೊಳೆನೀರನ್ನು ಹೊರಬಿಡುವ ಏರ್ಪಾಡು, ಮರಳು ಇದ್ದಿಲಿನ ಸೋಸುಕ, ಬೆಳಕು ಬೀಳದ ಮುಚ್ಚಳ ಇವು ಅವಶ್ಯ. ಬೆಂಗಳೂರಿನಲ್ಲಿ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಕರಾವಳಿಯಲ್ಲಿ ಬೀಳುವಷ್ಟನ್ನು ಕೂಡಿಡುವುದು ಅಸಾಧ್ಯ. ಅಲ್ಲಿ ಮಾಡಿನ ನೀರನ್ನು ಸೋಸಿ ಬಾವಿಗೆ ಇಳಿಸುವುದೇ ಸೂಕ್ತ.

ಬಚ್ಚಲ ನೀರನ್ನು ಬಾಳೆ, ಕೆಸು, ತೆಂಗಿನ ಬುಡಕ್ಕೆ ಹರಿಸುವುದು ಹಳೆಯ ಕ್ರಮ. ಶೌಚಕ್ಕೆ ಒಂದಾದ ಮೇಲೊಂದರಂತೆ ಬಳಸುವ ಅವಳಿ ಇಂಗುಗುಂಡಿ ಸಣ್ಣ ಮನೆಗೆ ಯೋಗ್ಯ. ಬಾವಿಯಿಂದ ಅದು ಕನಿಷ್ಠ 10 ಮೀಟರ್ ದೂರವಿರಬೇಕು. ನೀರು ಬೇಗ ಹಾಯುವ ಮುರಕಲ್ಲಿನ ನೆಲದಲ್ಲಿ ಇನ್ನೂ ಹೆಚ್ಚು.

ಅಪಾಯಗಳು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಬೀದರ್ ಮತ್ತು ಕಲಬುರಗಿ ಜಿಲ್ಲೆಗಳಿಗೆ ಹೊಂದಿಕೊಂಡ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದಲ್ಲಿ ಸಾವಿರಾರು ಜನ ಸತ್ತರು. ಬಹುತೇಕರನ್ನು ಕೊಂದದ್ದು ಅವರ ಸ್ವಂತ ಮನೆಗಳೇ. ಮಣ್ಣಿನಲ್ಲಿ ಕೂರಿಸಿದ ಉರುಟು ಕಲ್ಲಿನ ದಪ್ಪ ಗೋಡೆಗಳು ಎರಡು ಪದರಗಳಾಗಿ ಸೀಳಿದವು. ವರ್ಷವರ್ಷವೂ ಹೊಸ ಮಣ್ಣು ಏರಿಸಿಕೊಂಡು ಬಂದಿದ್ದ ಮಾಳಿಗೆಗಳು ಮಲಗಿದ್ದವರ ಮೇಲೆ ಕುಸಿದವು. ಬೇಸಗೆಯಲ್ಲಿ ತಂಪು ಕೊಟ್ಟ ಭಾರವೇ ಆ ನಸುಕಿನಲ್ಲಿ ಮೃತ್ಯುವಾಯಿತು. ಗೋಡೆಯ ಎರಡೂ ಮುಖಗಳನ್ನು ಹಿಡಿಯುವ ಉದ್ದಗಲ್ಲುಗಳು, ಕಿಟಕಿಯ ಮೇಲ್ಮಟ್ಟದಲ್ಲಿ ಸುತ್ತ ಹಾಯುವ ಪಟ್ಟಿ, ಮೂಲೆಗಳ ಬಿಗಿ, ಹಗುರವಾದ ಮಾಳಿಗೆ ಇಷ್ಟಿದ್ದಲ್ಲಿ ಕಲ್ಲುಮಣ್ಣಿನ ಮನೆಯೂ ಜೀವ ಉಳಿಸಬಲ್ಲದು. ಅದೇ ವರ್ಷ ಪ್ರಕಟವಾದ ಭಾರತೀಯ ಮಾನಕ ಐಎಸ್ 13827 ಮಣ್ಣಿನ ಕಟ್ಟಡಗಳಿಗೆ ಈ ಬಗೆಯ ಸೂಚನೆಗಳನ್ನು ನೀಡುತ್ತದೆ. ಉತ್ತರ ಕರ್ನಾಟಕದ ಹಳೆಯ ಮನೆಯನ್ನು ಉಳಿಸಿಕೊಳ್ಳಬಯಸುವವರು ಮೊದಲು ಮಾಡಬೇಕಾದ ಕೆಲಸವೆಂದರೆ ಮಾಳಿಗೆಯ ಮೇಲೆ ಕೂಡಿದ ಹೆಚ್ಚುವರಿ ಮಣ್ಣನ್ನು ಇಳಿಸುವುದು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ನೆರೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಊರುಗಟ್ಟಲೆ ಕರಗಿದವು. ಕಲ್ಲಿನ ಪಾಯವನ್ನು ನೆಲದಿಂದ ಎರಡು ಮೂರು ಅಡಿ ಮೇಲಕ್ಕೆ ಏರಿಸದೆ ನೇರವಾಗಿ ಮಣ್ಣು ಕಟ್ಟಿದ ಗೋಡೆಗಳು ಮೊದಲು ಬಿದ್ದವು. ದಿನಗಟ್ಟಲೆ ನೀರು ನಿಲ್ಲುವ ನದಿಪಾತ್ರದ ಅಂಚಿನಲ್ಲಿ ಮಾತ್ರ ಸ್ಥಿರೀಕರಿಸದ ಮಣ್ಣನ್ನು ಯಾವ ಪಾಯವೂ ಕಾಯಲಾರದು. ಅಲ್ಲಿ ಮಣ್ಣಿನ ಮನೆಯ ಹಟ ಸಲ್ಲದು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಅತಿಮಳೆಯ ಜೊತೆಗೆ ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದು ಮಟ್ಟಮಾಡಿದ್ದೂ ಕಾರಣವೆಂದು ಭೂವಿಜ್ಞಾನಿಗಳು ಗುರುತಿಸಿದರು. ಗುಡ್ಡದ ಮೇಲೆ ಯಂತ್ರದಿಂದ ಮಟ್ಟ ಕಡಿದು ಕಟ್ಟಿದ ಮನೆ, ಅದರ ಗೋಡೆ ಮಣ್ಣಿನದೇ ಆಗಿರಲಿ, ಪರಿಸರಾನುಗುಣವಲ್ಲ. ಮೆಟ್ಟಿಲು ಮೆಟ್ಟಿಲಾಗಿ ನೆಲವನ್ನು ಅನುಸರಿಸುವುದು, ಹಳ್ಳದ ಸಹಜ ದಾರಿಯನ್ನು ಮುಚ್ಚದಿರುವುದು ಅಲ್ಲಿನ ಮೊದಲ ಷರತ್ತುಗಳು.

‘ಕಚ್ಚಾ’ ಮತ್ತು ‘ಪಕ್ಕಾ’

ಭಾರತದ ಜನಗಣತಿಯು ಗೋಡೆ ಮತ್ತು ಚಾವಣಿಯ ಸಾಮಗ್ರಿಯನ್ನು ನೋಡಿ ಮನೆಗಳನ್ನು ಕಾಯಂ, ಅರೆಕಾಯಂ, ತಾತ್ಕಾಲಿಕ ಎಂದು ವಿಂಗಡಿಸುತ್ತದೆ. ಈ ಪಟ್ಟಿಯಲ್ಲಿ ತಗಡು ಮತ್ತು ಕಲ್ನಾರಿನ ಹಾಳೆಗಳು ಕಾಯಂ ಸಾಮಗ್ರಿ. ಮಣ್ಣು ಮತ್ತು ಹಸಿ ಇಟ್ಟಿಗೆ ತಾತ್ಕಾಲಿಕ. ಮೂರು ತಲೆಮಾರು ಬಾಳಿದ ಎರಡು ಅಡಿಯ ಮಣ್ಣಿನ ಗೋಡೆ ‘ಕಚ್ಚಾ’, ಕಳೆದ ವಾರ ನಿಲ್ಲಿಸಿದ ತಗಡಿನ ಗೋಡೆ ‘ಪಕ್ಕಾ’ ಎಂಬ ವಿಚಿತ್ರ ಇದರಿಂದ ಉಂಟಾಗುತ್ತದೆ. ವಸತಿ ಯೋಜನೆಗಳು ಕಚ್ಚಾ ಮನೆಗಳನ್ನು ಪಕ್ಕಾ ಮಾಡುವ ಗುರಿ ಹೊಂದಿರುವುದರಿಂದ ಈ ಪದಗಳ ಪರಿಣಾಮ ಅಂಕಿಅಂಶದ ಪುಟಗಳಲ್ಲಿ ನಿಲ್ಲುವುದಿಲ್ಲ. ಗ್ರಾಮೀಣ ಆವಾಸ್ ಯೋಜನೆಯ ಮಾರ್ಗಸೂಚಿಯು ಸ್ಥಳೀಯ ಸಾಮಗ್ರಿ ಮತ್ತು ಪ್ರಾದೇಶಿಕ ವಿನ್ಯಾಸಗಳಿಗೆ ಅವಕಾಶ ಕೊಟ್ಟಿದೆ. ಆದರೂ ಕಂತಿನ ಹಣ ಬಿಡುಗಡೆಗೆ ತೋರಿಸಬೇಕಾದ ಹಂತಗಳ ಚಿತ್ರದಲ್ಲಿ ತಾರಸಿಯ ಮನೆ ಸುಲಭವಾಗಿ ಹೊಂದುತ್ತದೆ. ಮೇಸ್ತ್ರಿಗೂ ಅದೇ ಗೊತ್ತು.

ಮಣ್ಣಿನ ಹದ, ಸುಣ್ಣದ ಹದ ಬಲ್ಲ ಕೆಲಸಗಾರರ ಸಂಖ್ಯೆ ಕಡಿಮೆಯಾಗುತ್ತಿರುವುದು ಇದರ ಇನ್ನೊಂದು ಮುಖ. ಅವರು ಅಪರೂಪವಾದಷ್ಟೂ ಅವರ ಕೂಲಿ ಏರುತ್ತದೆ. ಹೀಗಾಗಿ ಬಡವರ ಸಾಮಗ್ರಿಯಾಗಿದ್ದ ಮಣ್ಣು ಇಂದು ನಗರದ ಹೊರವಲಯದ ತೋಟದ ಮನೆಗಳಲ್ಲಿ ದುಬಾರಿ ಅಭಿರುಚಿಯಾಗಿ ಕಾಣಿಸಿಕೊಳ್ಳುತ್ತಿದೆ. ಪುದುಚೇರಿ ಬಳಿಯ ಆರೋವಿಲ್ ಭೂ ಸಂಸ್ಥೆಯು ಮಣ್ಣಿನ ಕಟ್ಟಡ ಕಲೆಯಲ್ಲಿ ತರಬೇತಿ ನೀಡುತ್ತದೆ. ಹಳ್ಳಿಯ ಗಾರೆ ಕೆಲಸದವರಿಗೆ ಅವರ ಊರಿನಲ್ಲೇ, ಅವರ ನುಡಿಯಲ್ಲೇ ಸಿಗುವ ಇಂಥ ತರಬೇತಿ ಇನ್ನೂ ವಿರಳ.